ಮಗಳು ಮಿಲಿಟ್ರಿಗೆ ಸೇರ್ತೇನೆ ಅಂದರೆ...



ವಾರದ ಸಭೆಯಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಮಕ್ಕಳ ಮಾತು ಬಂದೇ ಬರುತ್ತದೆ. ಪಿಯುಸಿ ಆಯ್ತು, ಮುಂದೆ ಎಂತ? ಮಗನಾದರೆ ಪೊಲೀಸ್, ಮಿಲಿಟ್ರಿ ಅಂತ ಯಾರಾದರೂ ಹೇಳ್ತಾರೆ. ಮಗಳಾದರೆ ನರ್ಸಿಂಗ್, ಟೀಚರ್, ಇಲ್ಲವೇ ಅಂಗಡಿ ಕೆಲಸ. ‘ಹೆಣ್ಣ್ ಮಕ್ಳಿಗೆ ಮಿಲಿಟ್ರಿ ಎಂತಕ್ಕೆ?’ ಎಂಬ ಪ್ರಶ್ನೆ ಬೇರೆ.

ಈ ಪ್ರಶ್ನೆಗೆ ಉತ್ತರ ನಮ್ಮ ಬ್ರಹ್ಮಾವರದಲ್ಲೇ ಓದಿ ಹೋಗಿದೆ. ಚಿಕ್ಕಮಗಳೂರು ಜಿಲ್ಲೆ ಮರ್ಲೆ ಗ್ರಾಮದ ಮೇಘನಾ ಶಾನುಭಾಗ್ ಇಲ್ಲಿನ ಲಿಟ್ಲ್ ರಾಕ್ ಶಾಲೆಯ ವಿದ್ಯಾರ್ಥಿನಿ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿ ವಾಯುಪಡೆ ಸೇರಿದರು. 2018ರಲ್ಲಿ ಫೈಟರ್ ಪೈಲಟ್ ವಿಭಾಗಕ್ಕೆ ಆಯ್ಕೆಯಾದಾಗ ಅವರು ದೇಶಕ್ಕೆ ಆರನೆಯವರು, ದಕ್ಷಿಣ ಭಾರತಕ್ಕೆ ಮೊದಲನೆಯವರು.

ಸೇನೆಯ ಬಾಗಿಲು ಹೆಂಗಸರಿಗೆ ಒಮ್ಮೆಲೇ ತೆರೆಯಲಿಲ್ಲ. ನರ್ಸ್‌ಗಳಾಗಿ 1888ರಿಂದಲೂ ಇದ್ದರು. ಬೇರೆ ವಿಭಾಗಗಳಲ್ಲಿ ಅಧಿಕಾರಿಗಳಾಗಿ ಸೇರಿಸಿಕೊಳ್ಳಲು ಶುರು ಮಾಡಿದ್ದು 1992ರಲ್ಲಿ, ಅದೂ ಕೆಲವೇ ವರ್ಷಗಳ ಸೇವೆಗೆ. ಗಂಡಸರಿಗೆ ಸಿಗುವ ಕಾಯಂ ಸೇವೆಗಾಗಿ ಅವರು ಕೋರ್ಟಿನಲ್ಲಿ ವರ್ಷಗಟ್ಟಲೆ ಹೋರಾಡಬೇಕಾಯಿತು. ಆಗ ಸರಕಾರದ ಕಡೆಯಿಂದ ಬಂದ ಒಂದು ವಾದ ಕೇಳಿ: ಜವಾನರಲ್ಲಿ ಹೆಚ್ಚಿನವರು ಹಳ್ಳಿಯಿಂದ ಬಂದ ಗಂಡಸರು, ಹೆಂಗಸಿನ ಆಜ್ಞೆ ಪಾಲಿಸಲು ಅವರ ಮನಸ್ಸು ಇನ್ನೂ ಸಿದ್ಧವಾಗಿಲ್ಲ! 2020ರ ಫೆಬ್ರವರಿ 17ರಂದು ಸುಪ್ರೀಂ ಕೋರ್ಟ್ ಇದನ್ನು ತಳ್ಳಿಹಾಕಿತು, ಬದಲಾಗಬೇಕಾದದ್ದು ಮನೋಭಾವ ಎಂದಿತು. ತೀರ್ಪು ಬಂತು, ಸಂತೋಷವೇ. ಆದರೆ ಆ ಹಳ್ಳಿಯ ಗಂಡಸರನ್ನು ಸಾಕಿ ಬೆಳೆಸಿದವರು ಯಾರು? ನಾವೇ ಅಲ್ಲವೇ? ತಂಗಿ ತಟ್ಟೆ ತೊಳೆಯುವಾಗ ಅಣ್ಣ ಟಿ.ವಿ. ಮುಂದೆ ಕೂತಿರುವ ಮನೆಯಲ್ಲಿ ಈ ವಾದ ಹುಟ್ಟುತ್ತದೆ.

ಈಗ ದಾರಿಗಳನ್ನು ಕಾಣಿ. ಪಿಯುಸಿ ಆದವರು ಯುಪಿಎಸ್‌ಸಿ ನಡೆಸುವ ಎನ್‌ಡಿಎ ಪರೀಕ್ಷೆ ಬರೆಯಬಹುದು, ಹೆಣ್ಣುಮಕ್ಕಳಿಗೆ ಅರ್ಜಿ ಶುಲ್ಕವಿಲ್ಲ. ಭೂಸೇನೆಗೆ ಯಾವ ವಿಷಯ ಓದಿದ್ದರೂ ಆಗುತ್ತದೆ, ನೌಕಾಪಡೆ, ವಾಯುಪಡೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಬೇಕು. 2022ರಲ್ಲಿ ಸೇರಿದ ಮೊದಲ ತಂಡದ 17 ಯುವತಿಯರು 2025ರ ಮೇ ತಿಂಗಳಲ್ಲಿ ಅಲ್ಲಿಂದ ತೇರ್ಗಡೆಯಾದರು. ವಿಜ್ಞಾನ ಓದಿ ನೀಟ್ ಬರೆದವರಿಗೆ ಮಿಲಿಟರಿ ನರ್ಸಿಂಗ್ ಇದೆ, ತರಬೇತಿ ಸೇನೆಯದ್ದೇ ಖರ್ಚಿನಲ್ಲಿ.

ಹತ್ತನೇ ತರಗತಿ ಮಾತ್ರ ಆದವರಿಗೆ ಮಿಲಿಟರಿ ಪೊಲೀಸ್. ಇದರ ಮೊದಲ ತಂಡದ 83 ಮಹಿಳೆಯರು 2021ರ ಮೇಯಲ್ಲಿ ಬೆಂಗಳೂರಿನಲ್ಲೇ ತರಬೇತಿ ಮುಗಿಸಿದ್ದು. 2022ರಿಂದ ಈ ಭರ್ತಿ ಅಗ್ನಿವೀರ್ ಯೋಜನೆಯಲ್ಲಿ ನಡೆಯುತ್ತಿದೆ. ಈವರೆಗಿನ ಭರ್ತಿಗಳಲ್ಲಿ ಒಟ್ಟು 45 ಶೇಕಡಾ ಅಂಕ, 162 ಸೆಂ.ಮೀ. ಎತ್ತರ, 8 ನಿಮಿಷದೊಳಗೆ 1.6 ಕಿ.ಮೀ. ಓಟ ಕೇಳಿದ್ದಾರೆ. ಮದುವೆ ಆಗಿರಬಾರದು, ಮಕ್ಕಳಿಲ್ಲದ ವಿಧವೆಯರಿಗೆ, ವಿಚ್ಛೇದಿತರಿಗೆ ಅವಕಾಶ ಉಂಟು. ವಯಸ್ಸಿನ ಮಿತಿಯನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳಿ.

ಇಲ್ಲಿ ಒಂದು ವಿಷಯ ಮುಚ್ಚಿಡಬಾರದು. ಅಗ್ನಿವೀರ್ ಸೇವೆ ನಾಲ್ಕೇ ವರ್ಷ. ನೂರಕ್ಕೆ 25 ಮಂದಿಯ ತನಕ ಮಾತ್ರ ಮುಂದುವರಿಸುತ್ತಾರೆ. ಉಳಿದವರಿಗೆ ಪಿಂಚಣಿ ಇಲ್ಲ, ಬಡ್ಡಿ ಸೇರಿ ಸುಮಾರು 11.7 ಲಕ್ಷ ರೂಪಾಯಿ ಸೇವಾನಿಧಿ ಕೊಟ್ಟು ಕಳಿಸುತ್ತಾರೆ. ಅದರ ಅರ್ಧ ಭಾಗ ಅವಳ ಸಂಬಳದಿಂದಲೇ ತಿಂಗಳು ತಿಂಗಳು ಹಿಡಿದದ್ದು. ಇಪ್ಪತ್ತೆರಡು, ಇಪ್ಪತ್ತಮೂರಕ್ಕೆ ಊರಿಗೆ ಬಂದ ಮಗಳ ಆ ದುಡ್ಡು ಬಂಗಾರಕ್ಕೂ ಮದುವೆ ಹಾಲ್‌ಗೂ ಹೋಗಬೇಕೋ, ಅವಳ ಮುಂದಿನ ಓದಿಗೋ ಉದ್ಯೋಗಕ್ಕೋ ಎಂದು ಹೋಗುವ ಮೊದಲೇ ಮನೆಯಲ್ಲಿ ಮಾತಾಡಿ.

ಹೆದರಿಕೆ ಸುಳ್ಳಲ್ಲ. 2024ರ ಡಿಸೆಂಬರ್‌ನಲ್ಲಿ ಬೀಜಾಡಿಯ ಯೋಧರೊಬ್ಬರು ಪೂಂಛ್‌ನಲ್ಲಿ ಸೇನಾ ವಾಹನ ಕಮರಿಗೆ ಬಿದ್ದು ತೀರಿಕೊಂಡಾಗ ಈ ಊರೇ ಅತ್ತಿತು. ‘ಬೇಡ’ ಎನ್ನುವ ತಾಯಿಯನ್ನು ಯಾರೂ ದೂರುವುದಿಲ್ಲ. ಆದರೆ ಮಗನಿಗೆ ‘ಹೋಗು’, ಮಗಳಿಗೆ ‘ಬೇಡ’ ಅಂದರೆ ಅದು ಬರೀ ಹೆದರಿಕೆಯಲ್ಲ.

ಕೆಲಸ ಕೊಡಿಸುತ್ತೇನೆಂದು ಬರುವ ದಲ್ಲಾಳಿಗಳಿಗೆ ಒಂದು ರೂಪಾಯಿಯೂ ಕೊಡಬೇಡಿ. ಅರ್ಜಿ ಹಾಕುವುದು ಎನ್‌ಡಿಎಗೆ ಯುಪಿಎಸ್‌ಸಿಯ, ಉಳಿದವಕ್ಕೆ ಸೇನೆಯ ವೆಬ್‌ಸೈಟಿನಲ್ಲಿ ಮಾತ್ರ. ಕಾಲೇಜಿನಲ್ಲಿ ಎನ್‌ಸಿಸಿ ಇದ್ದರೆ ಮಗಳನ್ನು ಸೇರಿಸಿ, ಅದರ ಸರ್ಟಿಫಿಕೇಟಿಗೆ ಅಗ್ನಿವೀರ್ ಭರ್ತಿಯಲ್ಲಿ ಹೆಚ್ಚುವರಿ ಅಂಕವಿದೆ.

ಸಭೆಯಲ್ಲಿ ಚರ್ಚಿಸಿ:
ನಮ್ಮ ಸಂಘದ ಮನೆಗಳಲ್ಲಿ ಹತ್ತನೇ ಮತ್ತು ಪಿಯುಸಿ ಓದುವ ಹುಡುಗಿಯರು ಎಷ್ಟು? ಅವರಲ್ಲಿ ಯಾರನ್ನಾದರೂ ‘ನಿನಗೆ ಎಂತ ಆಗ್ಬೇಕು?’ ಅಂತ ನಾವು ಕೇಳಿದ್ದೇವೆಯೇ? ಮುಂದಿನ ವಾರ ಅವರನ್ನೂ ಸಭೆಗೆ ಕರೆದುಕೊಂಡು ಬನ್ನಿ.