ವಿವಿ ರ‍್ಯಾಂಕ್: ಅಂಕಿ ನಂಬುವ ಮುನ್ನ ಪಟ್ಟಿ ಓದಿ

ಪದವಿ ಫಲಿತಾಂಶ ಬಂದು ಸ್ನಾತಕೋತ್ತರ ಪ್ರವೇಶದ ಅಧಿಸೂಚನೆಗಳು ಹೊರಬೀಳುವ ಹೊತ್ತಿಗೆ ಮನೆಗಳಲ್ಲಿ ಅದೇ ಚರ್ಚೆ: ಮೈಸೂರೋ, ಬೆಂಗಳೂರೋ, ಧಾರವಾಡವೋ? ಯಾರೋ ಮೊಬೈಲ್ ತೆಗೆದು ‘ಇದು ಇಡೀ ದೇಶಕ್ಕೇ 19ನೇದಂತೆ’ ಎನ್ನುತ್ತಾರೆ. ಚರ್ಚೆ ಅಲ್ಲಿಗೆ ಮುಗಿಯುತ್ತದೆ. ಯಾರು ಕೊಟ್ಟ 19, ಯಾವ ವರ್ಷದ್ದು ಎಂದು ಕೇಳುವವರಿಲ್ಲ. ಎನ್‌ಐಆರ್‌ಎಫ್‌ನ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಮೈಸೂರು ವಿವಿ 19ನೇ ಸ್ಥಾನದಲ್ಲಿದ್ದದ್ದು 2021ರಲ್ಲಿ. ಮರುವರ್ಷ ಅದು 33ಕ್ಕೆ ಇಳಿಯಿತು. 2023ರಲ್ಲಿ 44, 2024ರಲ್ಲಿ 54. ಹಳೆಯ ಸುದ್ದಿ ಮಾತ್ರ ಗೂಗಲ್‌ನಲ್ಲಿ ಇನ್ನೂ ಮೇಲೆಯೇ ಕುಳಿತಿರುತ್ತದೆ.

ಹಾಗಾಗಿ ಮೊದಲ ಕೆಲಸ, ಕೈಯಲ್ಲಿರುವುದು ಯಾರ ಪಟ್ಟಿ, ಯಾವ ವರ್ಷದ್ದು ಎಂದು ಬರೆದಿಟ್ಟುಕೊಳ್ಳುವುದು. ಎನ್‌ಐಆರ್‌ಎಫ್ ಕೇಂದ್ರ ಶಿಕ್ಷಣ ಸಚಿವಾಲಯದ್ದು, 2016ರಿಂದ ಹೊರಬರುತ್ತಿದೆ. ಕ್ಯೂಎಸ್ ಬ್ರಿಟನ್ನಿನ ಖಾಸಗಿ ಸಂಸ್ಥೆಯದು. ನ್ಯಾಕ್ ಕೊಡುವುದು ರ‍್ಯಾಂಕ್ ಅಲ್ಲವೇ ಅಲ್ಲ, ಶ್ರೇಣಿ. ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವ ಜಾಹೀರಾತು ಕಂಡರೆ ಎಚ್ಚರಿಕೆ ಒಳ್ಳೆಯದು.

ಎರಡನೆಯದು, ಪಟ್ಟಿಯೊಳಗಿನ ವಿಭಾಗ. ಎನ್‌ಐಆರ್‌ಎಫ್‌ನ ವಿಶ್ವವಿದ್ಯಾಲಯ ವಿಭಾಗದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ಜೆಎನ್‌ಯು, ಮಣಿಪಾಲದ ಡೀಮ್ಡ್ ವಿವಿ ಎಲ್ಲವೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಖಾಲಿ ಹುದ್ದೆ ತುಂಬಲು ಸರ್ಕಾರದ ಅನುಮತಿಗೆ ಕಾದು ಕೂರಬೇಕಾದ ರಾಜ್ಯ ವಿವಿಯನ್ನು ಇವುಗಳ ಪಕ್ಕ ಇಟ್ಟು ಅಳೆಯುವುದು ನ್ಯಾಯವಲ್ಲ. 2024ರಿಂದ ರಾಜ್ಯ ಸಾರ್ವಜನಿಕ ವಿವಿಗಳಿಗೇ ಪ್ರತ್ಯೇಕ ಪಟ್ಟಿ ಬಂದಿದೆ. ಆ ವರ್ಷ ಚೆನ್ನೈನ ಅಣ್ಣಾ ವಿವಿ ಮೊದಲು, ಕೋಲ್ಕತ್ತದ ಜಾದವ್‌ಪುರ ವಿವಿ ಎರಡನೆಯದು. ಕುವೆಂಪು, ಮಂಗಳೂರು, ಗುಲಬರ್ಗಾ ವಿವಿಗಳನ್ನು ಹೋಲಿಸಲು ಹೊರಟವರು ಈ ಪಟ್ಟಿಯಿಂದಲೇ ಆರಂಭಿಸಬೇಕು. ಹೆಸರು ಸಿಗದಿದ್ದರೆ ಆ ವಿವಿ ಕಳಪೆ ಎಂದು ತೀರ್ಮಾನಿಸುವ ಹಾಗಿಲ್ಲ, ಅರ್ಜಿಯನ್ನೇ ಹಾಕಿರದೆಯೂ ಇರಬಹುದು. ಇನ್ನು ವಿಶ್ವವಿದ್ಯಾಲಯ ವಿಭಾಗದ 101–150, 151–200 ಎಂಬ ಗುಂಪುಗಳಲ್ಲಿ ಹೆಸರುಗಳಿರುವುದು ಅಕ್ಷರಾನುಕ್ರಮದಲ್ಲಿ. ಆ ಗುಂಪಿನ ಮೊದಲ ಹೆಸರು 101ನೇ ರ‍್ಯಾಂಕ್ ಅಲ್ಲ.

ಮೂರನೆಯದಾಗಿ ಒಟ್ಟು ಅಂಕವನ್ನು ಬಿಡಿಸಿ ನೋಡಬೇಕು. ಬೋಧನೆ ಮತ್ತು ಸಂಪನ್ಮೂಲಕ್ಕೆ ಶೇ 30, ಸಂಶೋಧನೆಗೆ ಶೇ 30, ವಿದ್ಯಾರ್ಥಿಗಳ ಫಲಿತಾಂಶ ಹಾಗೂ ಪದವಿಯ ನಂತರದ ದಾರಿಗೆ ಶೇ 20, ಮಹಿಳೆಯರು ಮತ್ತು ಹಿಂದುಳಿದವರೂ ಸೇರಿದಂತೆ ಎಲ್ಲರ ಒಳಗೊಳ್ಳುವಿಕೆಗೆ ಶೇ 10, ಅಧ್ಯಾಪಕರು ಮತ್ತು ಉದ್ಯೋಗದಾತರ ಅಭಿಪ್ರಾಯಕ್ಕೆ ಶೇ 10. ಎಂ.ಎ. ಮುಗಿಸಿ ಉಪನ್ಯಾಸಕಿಯಾಗಬೇಕೆಂದಿರುವ ಹುಡುಗಿಗೆ ಬೋಧನೆಯ ಕಲಂ ಮುಖ್ಯ, ಪಿಎಚ್‌.ಡಿ. ಕನಸಿನವನಿಗೆ ಸಂಶೋಧನೆಯ ಕಲಂ. ಅಂಕಿಅಂಶಗಳನ್ನು ಸಂಸ್ಥೆಗಳೇ ಸಲ್ಲಿಸುತ್ತವೆ ಎಂಬುದೂ ನೆನಪಿರಬೇಕು. ಸಲ್ಲಿಸಿದ್ದನ್ನು ತಮ್ಮ ಜಾಲತಾಣದಲ್ಲಿ ಹಾಕಬೇಕೆಂಬ ನಿಯಮವಿದೆ. ಅಲ್ಲಿ ಎನ್‌ಐಆರ್‌ಎಫ್ ಪುಟ ತೆರೆದರೆ ಮಂಜೂರಾದ ಸೀಟು, ದಾಖಲಾದವರು, ಕೆಲಸ ಸಿಕ್ಕವರ ಸಂಖ್ಯೆ, ಅಧ್ಯಾಪಕರ ವಿವರ ಎಲ್ಲ ಸಿಗುತ್ತದೆ. ರ‍್ಯಾಂಕ್‌ಗಿಂತ ಈ ಪಿಡಿಎಫ್ ಹೆಚ್ಚು ಮಾತಾಡುತ್ತದೆ.

ಇಲ್ಲಿಯವರೆಗೆ ಸರಿಯಾಗಿ ಬಂದವರೂ ಎಡವುವುದು ಮುಂದಿನ ಜಾಗದಲ್ಲಿ. ವಿವಿಯ ರ‍್ಯಾಂಕ್ ಅದರ ಸಂಯೋಜಿತ ಕಾಲೇಜಿನದಲ್ಲ. ಎನ್‌ಐಆರ್‌ಎಫ್ ವಿವಿಗಳ ಲೆಕ್ಕಕ್ಕೆ ತೆಗೆದುಕೊಳ್ಳುವುದು ಕ್ಯಾಂಪಸ್‌ನ ಬೋಧನಾ ವಿಭಾಗಗಳು ಮತ್ತು ಘಟಕ ಕಾಲೇಜುಗಳನ್ನು. ಮೈಸೂರು ವಿವಿಯ ಮಾನಸಗಂಗೋತ್ರಿ ಕ್ಯಾಂಪಸ್‌ನ ಭೌತವಿಜ್ಞಾನ ವಿಭಾಗದ ಸಂಶೋಧನೆಯಿಂದ ಬಂದ ಅಂಕಕ್ಕೂ ತಾಲ್ಲೂಕು ಕೇಂದ್ರದ ಬಿ.ಎಸ್ಸಿ. ಕಾಲೇಜಿನ ಪ್ರಯೋಗಾಲಯಕ್ಕೂ ಸಂಬಂಧವಿಲ್ಲ. ಪದವಿ ಪ್ರಮಾಣಪತ್ರದ ಮೇಲೆ ಅದೇ ಲಾಂಛನ ಇರಬಹುದು, ಪಾಠ ಮಾಡುವವರು ಮಾತ್ರ ಬೇರೆ.

ಬೆಳಗಾವಿಯ ವಿಟಿಯು ಇನ್ನೂ ದೊಡ್ಡ ಉದಾಹರಣೆ. 1998ರಲ್ಲಿ ಶುರುವಾದ ಈ ವಿವಿಯಡಿ ಇನ್ನೂರರಷ್ಟು ಕಾಲೇಜುಗಳಿವೆ. ‘ವಿಟಿಯು ಹೇಗಿದೆ?’ ಎಂಬ ಪ್ರಶ್ನೆಗೆ ಅರ್ಥವೇ ಇಲ್ಲ. ಅದೇ ಪಠ್ಯಕ್ರಮ, ಅದೇ ಪ್ರಶ್ನೆಪತ್ರಿಕೆ ಇದ್ದರೂ ಒಂದು ಕಾಲೇಜಿಗೂ ಇನ್ನೊಂದಕ್ಕೂ ಅಜಗಜಾಂತರ. ಅಲ್ಲಿ ನೋಡಬೇಕಾದ್ದು ಕಾಲೇಜಿನದೇ ಹೆಸರಿನಲ್ಲಿರುವ ಎಂಜಿನಿಯರಿಂಗ್ ಪಟ್ಟಿಯನ್ನು. ಬೆಂಗಳೂರು ವಿವಿ 2017ರಲ್ಲಿ ಮೂರಾಗಿ ಹಂಚಿಹೋದದ್ದು ಈಗಲೂ ಎಷ್ಟೋ ಪೋಷಕರ ತಲೆಗೆ ಹೋಗಿಲ್ಲ. ಕೋಲಾರದ ಕಡೆಯ ಕಾಲೇಜು ಈಗ ಬೆಂಗಳೂರು ಉತ್ತರ ವಿವಿಯದು. ಅದಕ್ಕೆ ಬೆಂಗಳೂರು ವಿವಿಯ ಜ್ಞಾನಭಾರತಿ ಕ್ಯಾಂಪಸ್‌ನ ಹಳೆಯ ಹೆಸರನ್ನು ಅಂಟಿಸಿ ಅಳೆದರೆ ಇಡೀ ಲೆಕ್ಕವೇ ತಪ್ಪುತ್ತದೆ. ಕ್ಯಾಂಪಸ್‌ನಲ್ಲೇ ಸೇರುವವರೂ ವಿಭಾಗದ ಮಟ್ಟಕ್ಕೆ ಇಳಿಯಬೇಕು: ಕಾಯಂ ಅಧ್ಯಾಪಕರೆಷ್ಟು, ಅತಿಥಿ ಉಪನ್ಯಾಸಕರೆಷ್ಟು, ಐಚ್ಛಿಕ ವಿಷಯಗಳ ಪಟ್ಟಿಯಲ್ಲಿ ನಿಜಕ್ಕೂ ಪಾಠ ನಡೆಯುವುದು ಯಾವುವು. ವಿಭಾಗದ ಕಚೇರಿಗೆ ಒಂದು ಫೋನ್ ಮಾಡಿದರೆ, ಹಿರಿಯ ವಿದ್ಯಾರ್ಥಿಗಳಿಬ್ಬರನ್ನು ಮಾತಾಡಿಸಿದರೆ ಇದು ಗೊತ್ತಾಗುತ್ತದೆ.

ವಿದೇಶಿ ಪಟ್ಟಿಗಳಲ್ಲಿ ‘ಶೈಕ್ಷಣಿಕ ಖ್ಯಾತಿ’ಯ ತೂಕ ದೊಡ್ಡದು. ಖ್ಯಾತಿ ಎಂದರೆ ಅಲ್ಲಿ ಬೇರೇನಲ್ಲ, ಪ್ರಾಧ್ಯಾಪಕರ ನಡುವಿನ ಸಮೀಕ್ಷೆ. ಹಳೆಯ, ದೊಡ್ಡ ಹೆಸರುಗಳು ಅದರಲ್ಲಿ ಸುಲಭವಾಗಿ ಗೆಲ್ಲುತ್ತವೆ. ಕ್ಯೂಎಸ್ ಅದಕ್ಕೆ ಶೇ 40 ಕೊಡುತ್ತಿತ್ತು; 2024ರ ಆವೃತ್ತಿಯಿಂದ ಶೇ 30ಕ್ಕೆ ಇಳಿಸಿ ಹೊಸ ಮಾನದಂಡಗಳನ್ನು ಸೇರಿಸಿತು. ಅದೇ ಆವೃತ್ತಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ 155ರಿಂದ 225ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಅಲ್ಲಿನ ವಿಜ್ಞಾನ ಅಷ್ಟು ಕುಸಿಯಿತೆಂದು ಯಾರೂ ಹೇಳಲಾರರು. 2021ರಲ್ಲಿ ಇದೇ ಸಂಸ್ಥೆ ‘ವಿಶ್ವದ ನಂ. 1 ಸಂಶೋಧನಾ ವಿವಿ’ ಎಂದು ಪತ್ರಿಕೆಗಳು ಸಂಭ್ರಮಿಸಿದ್ದವು; ನೂರಕ್ಕೆ ನೂರು ಬಂದಿದ್ದು ಅಧ್ಯಾಪಕರ ತಲಾ ಉಲ್ಲೇಖಗಳೆಂಬ ಒಂದು ಕಲಂನಲ್ಲಿ, ಒಟ್ಟು ಸ್ಥಾನ 186. ಮಾನದಂಡ ಬದಲಾದ ವರ್ಷಗಳ ರ‍್ಯಾಂಕ್‌ಗಳನ್ನು ಹಿಂದುಮುಂದಿಟ್ಟು ಏರಿಳಿತ ಹೇಳಬಾರದು.

ನ್ಯಾಕ್ ಶ್ರೇಣಿಯಲ್ಲಿ ಅಕ್ಷರಕ್ಕಿಂತ ಸಿಜಿಪಿಎ ನೋಡಬೇಕು. 3.26ಕ್ಕೂ 3.50ಕ್ಕೂ ಸಿಗುವುದು ಅದೇ ಎ ಪ್ಲಸ್. ಸಾಮಾನ್ಯವಾಗಿ ಐದು ವರ್ಷದ ಅವಧಿ ಮುಗಿದಿದೆಯೇ ಎಂಬುದನ್ನೂ ಗಮನಿಸಬೇಕು. ಅವಧಿ ಮೀರಿದರೂ ಗೋಡೆಯ ಮೇಲಿನ ಫಲಕ ಹಾಗೇ ಇರುತ್ತದೆ. ಪರಿಶೀಲನಾ ತಂಡದವರನ್ನೇ ಲಂಚದ ಆರೋಪದ ಮೇಲೆ ಸಿಬಿಐ 2025ರ ಫೆಬ್ರುವರಿಯಲ್ಲಿ ಬಂಧಿಸಿದ್ದರಿಂದ ಶ್ರೇಣಿಯೊಂದನ್ನೇ ನೆಚ್ಚಿಕೊಳ್ಳುವುದು ಜಾಣತನವಲ್ಲ.

ಉಳಿದದ್ದು ಚುಟುಕಾಗಿ: ಯುಜಿಸಿಯ ನಕಲಿ ವಿವಿಗಳ ಪಟ್ಟಿಯನ್ನು ಒಮ್ಮೆ ನೋಡುವುದು, ಕಾನೂನು ಪದವಿಗೆ ಬಾರ್ ಕೌನ್ಸಿಲ್ ಮಾನ್ಯತೆ ಇದೆಯೇ ಎಂದು ಖಚಿತಪಡಿಸಿಕೊಳ್ಳುವುದು, ಕಲಬುರಗಿಯ ಕೇಂದ್ರೀಯ ವಿವಿ ಬೇಕಿದ್ದರೆ ಸಿಯುಇಟಿ ಅರ್ಜಿಯ ಕೊನೆಯ ದಿನ ತಪ್ಪಿಸಿಕೊಳ್ಳದಿರುವುದು. ಹಿಂದಿನ ವರ್ಷ ಪರೀಕ್ಷೆ ಯಾವಾಗ ನಡೆಯಿತು, ಫಲಿತಾಂಶ ಯಾವಾಗ ಬಂತು ಎಂದೂ ವಿಚಾರಿಸಬೇಕು. ಫಲಿತಾಂಶ ತಡವಾದರೆ ಮುಂದಿನ ಪ್ರವೇಶವೂ ಕೆಲಸದ ಅರ್ಜಿಯೂ ಕೈತಪ್ಪುತ್ತವೆ, ಇದನ್ನು ಅಳೆಯುವ ಕಲಂ ಯಾವ ಪಟ್ಟಿಯಲ್ಲೂ ಇಲ್ಲ.