ಹಳೆಯ ಎಲ್‌ಎಸ್‌ಡಿ ಕೊಳ್ಳುವ ಮುನ್ನ: ಮೊದಲು ಆಯಿಲ್, ಆಮೇಲೆ ರೇಟು

ಅಂಕೋಲೆಯ ಅಚವೆ ಕಡೆ ಮಳೆಗಾಲದಲ್ಲಿ ತೋಟದ ರಸ್ತೆ ರಾಡಿಯಾದರೆ ಜೀಪಿನ ಹಿಂದಿನ ಒಂದು ಚಕ್ರ ಗಿರಗಿರನೆ ತಿರುಗುತ್ತದೆ, ಇನ್ನೊಂದು ಅಲುಗಾಡುವುದಿಲ್ಲ. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಸಮನಾಗಿ ಬಲ ಹಂಚುತ್ತದೆ. ಜಾರುವ ಚಕ್ರ ಎಷ್ಟು ಬಲ ತಾಳುತ್ತದೋ ಅಷ್ಟೇ ಹಿಡಿತವಿರುವ ಚಕ್ರಕ್ಕೂ ಸಿಗುತ್ತದೆ. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಅಂದರೆ ಎಲ್‌ಎಸ್‌ಡಿ, ಒಂದೇ ಚಕ್ರ ಹೀಗೆ ಓಡದಂತೆ ತಡೆಯುತ್ತದೆ. ಹೊಸದು ದುಬಾರಿ, ಹಾಗಾಗಿ ಹೆಚ್ಚಿನವರು ಗುಜರಿಯತ್ತ ನೋಡುತ್ತಾರೆ.

ಹಂತ 1: ನಿಮ್ಮ ಗಾಡಿಗೆ ಹೊಂದುವುದು ಯಾವುದು?

ಮುಂದಿನ ಚಕ್ರದಿಂದ ಓಡುವ ಕಾರುಗಳಲ್ಲಿ ಡಿಫರೆನ್ಷಿಯಲ್ ಗೇರ್‌ಬಾಕ್ಸಿನೊಳಗೇ ಇರುತ್ತದೆ. ಹೊಸಬರು ಅದರ ತಂಟೆಗೆ ಹೋಗಬೇಡಿ. ಇಲ್ಲಿ ಹೇಳುತ್ತಿರುವುದು ಥಾರ್, ಬೊಲೆರೊದಂಥ ಹಿಂದೆ ಗಟ್ಟಿ ಹೌಸಿಂಗ್ ಇರುವ ಗಾಡಿಗಳ ಮಾತು. 2015ರ ಥಾರ್‌ನಲ್ಲಿ ಹಿಂದುಗಡೆ ಈಟನ್ ಕಂಪನಿಯ ಮೆಕ್ಯಾನಿಕಲ್ ಲಾಕರ್ ಬಂತು. ಎರಡು ಚಕ್ರಗಳ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಸುತ್ತಿನ ಅಂತರ ಬಿದ್ದೊಡನೆ ಅದು ತಾನೇ ಲಾಕ್ ಆಗುತ್ತದೆ. ಕ್ಲಚ್ ಪ್ಲೇಟ್ ಇರುವ ಎಲ್‌ಎಸ್‌ಡಿಯದು ಬೇರೆ ರೀತಿ, ಬರೀ ಗೇರುಗಳದ್ದು ಇನ್ನೊಂದು ರೀತಿ. ಮಾರುವವನಿಗೆ ಎಲ್ಲವೂ ಒಂದೇ, ನಿಮಗೆ ಹಾಗಲ್ಲ.

ರೇಶಿಯೊ ಕೂಡ ಹೊಂದಬೇಕು: ಒಳಗಿನ ದೊಡ್ಡ ಗೇರಾದ ಕ್ರೌನಿನ ಹಲ್ಲುಗಳನ್ನು, ಅದನ್ನು ತಿರುಗಿಸುವ ಸಣ್ಣ ಗೇರಾದ ಪಿನಿಯನ್ನಿನ ಹಲ್ಲುಗಳಿಂದ ಭಾಗಿಸಿ. 41 ಮತ್ತು 11 ಇದ್ದರೆ ರೇಶಿಯೊ 3.73. ಫೋರ್‌ವೀಲ್ ಗಾಡಿಯಾದರೆ ಹಿಂದೆ ಮುಂದೆ ಎರಡೂ ಕಡೆ ಒಂದೇ ರೇಶಿಯೊ ಇರಲೇಬೇಕು, ಇಲ್ಲದಿದ್ದರೆ ಟ್ರಾನ್ಸ್‌ಫರ್ ಕೇಸ್ ಉಳಿಯುವುದಿಲ್ಲ. ಎಕ್ಸೆಲ್ ತುದಿಯ ಸ್ಪ್ಲೈನ್‌ಗಳನ್ನೂ (ಉದ್ದುದ್ದ ಹಲ್ಲು) ಎಣಿಸಿ, ನಿಮ್ಮ ಗಾಡಿಯದಕ್ಕೆ ಹೊಂದಬೇಕು.

ಹಂತ 2: ಬಿಲ್

ಹುಬ್ಬಳ್ಳಿಗೆ ಹೋಗಿ, ಬೆಂಗಳೂರಿನ ಶಿವಾಜಿನಗರಕ್ಕೆ ಹೋಗಿ, ಮಾಲನ್ನು ಬಿಚ್ಚಿ ತೆಗೆದ ಗಾಡಿಯ ಚಾಸಿಸ್ ನಂಬರ್ ಬರೆದ ಬಿಲ್ ಕೇಳಿ. ಕದ್ದ ಮಾಲೆಂದು ಗೊತ್ತಿದ್ದೂ ಕೊಂಡವರಿಗೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಶಿಕ್ಷೆಯಿದೆ.

ಹಂತ 3: ಆಯಿಲ್ ಇಳಿಸಿ

ನಮ್ಮ ಕರಾವಳಿಯಲ್ಲಿ ಎಲ್ಲಕ್ಕಿಂತ ಮುಖ್ಯ ಹಂತ ಇದೇ. 2019ರಲ್ಲೂ 2021ರಲ್ಲೂ ಕಾಳಿ, ಗಂಗಾವಳಿ ಉಕ್ಕಿ ದಡದ ಊರುಗಳಿಗೆ ನೀರು ನುಗ್ಗಿತ್ತು. ನೆರೆಯಲ್ಲಿ ನಿಂತ ಗಾಡಿಯ ಸೀಟು ತೊಳೆದು ಒಣಗಿಸುತ್ತಾರೆ, ಹೌಸಿಂಗ್ ಬಿಚ್ಚಿ ನೋಡುವವರು ಕಡಿಮೆ. ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಗಾಳಿಯಾಡುವ ಬ್ರೀದರ್ ರಂಧ್ರದಿಂದಲೋ ಸವೆದ ಸೀಲಿನಿಂದಲೋ ನೀರನ್ನು ಎಳೆದುಕೊಳ್ಳುತ್ತದೆ. ಹೊಳೆ ದಾಟುವ ಗಾಡಿಗೂ ಇದೇ ಗತಿ.

ಡ್ರೇನ್ ಪ್ಲಗ್ ಬಿಚ್ಚಿ ಬಿಳಿ ಡಬ್ಬಿಗೆ ಆಯಿಲ್ ಹಿಡಿಯಿರಿ. ಹಾಲು ಹೆಚ್ಚಾದ ಚಹಾದ ಬಣ್ಣವಿದ್ದರೆ ನೀರು ಹೊಕ್ಕಿದೆ. ಪ್ಲಗ್ಗಿನ ಆಯಸ್ಕಾಂತಕ್ಕೆ ನುಣ್ಣಗಿನ ಬೂದು ಪೇಸ್ಟ್ ಅಂಟಿದ್ದರೆ ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಅಲ್ಲಿಗೇ ಮಾತು ಮುಗಿಸಿ. ಆಯಿಲ್ ಹೊಚ್ಚಹೊಸದಾಗಿದ್ದರೆ ಅನುಮಾನ ಇನ್ನೂ ಹೆಚ್ಚಬೇಕು. ಆಗ ಬೇರಿಂಗ್ ನೋಡಿ: ನೀರು ನಿಂತಿದ್ದರೆ ರೋಲರ್ ಕೂತ ಜಾಗದಲ್ಲೆಲ್ಲ ರೇಸಿನ ಮೇಲೆ ಅಡ್ಡ ತುಕ್ಕಿನ ಗೆರೆ ಇರುತ್ತದೆ. ಒರೆಸಿದರೂ ಉಗುರಿಗೆ ಸಿಗುತ್ತದೆ. ಕ್ರೌನ್ ಹಲ್ಲಿನ ಮೇಲೆ ಗುಳಿಗಳಿದ್ದರೆ, ಸುಟ್ಟ ನೀಲಿ ಬಣ್ಣವಿದ್ದರೆ ಬೇಡ.

ಹಂತ 4: ತಿರುಗಿಸಿ ನೋಡಿ

ಹೌಸಿಂಗ್ ಇನ್ನೂ ಗಾಡಿಯಲ್ಲೇ ಇದ್ದರೆ ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹಿಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ. ಒಂದು ಚಕ್ರ ತಿರುಗಿಸಿದಾಗ ಇನ್ನೊಂದೂ ಅದೇ ದಿಕ್ಕಿಗೆ ತಿರುಗಿದರೆ ಎಲ್‌ಎಸ್‌ಡಿ, ಉಲ್ಟಾ ತಿರುಗಿದರೆ ಸಾದಾ ಎಂದು ಎಲ್ಲರೂ ಹೇಳುತ್ತಾರೆ. ಇದು ಕ್ಲಚ್ ಪ್ಲೇಟಿನದಕ್ಕೆ ಸರಿ. ಗೇರಿನ ಎಲ್‌ಎಸ್‌ಡಿ ಭಾರವಿಲ್ಲದಾಗ ಸಾದಾದಂತೆಯೇ ಉಲ್ಟಾ ತಿರುಗಬಹುದು. ಈಟನ್ ಲಾಕರನ್ನೂ ನಿಧಾನಕ್ಕೆ ತಿರುಗಿಸಿದರೆ ಏನೂ ತಿಳಿಯುವುದಿಲ್ಲ. ಒಂದು ಚಕ್ರವನ್ನು ಒಬ್ಬರು ಗಟ್ಟಿಯಾಗಿ ಹಿಡಿದು, ಇನ್ನೊಂದನ್ನು ನೀವು ರಭಸದಿಂದ ತಿರುಗಿಸಿದಾಗ ಟಕ್ಕನೆ ಕಚ್ಚಬೇಕು.

ಕ್ಲಚ್ ಪ್ಲೇಟ್ ಎಷ್ಟು ಸವೆದಿದೆ ಎಂದು ತಿಳಿಯಲು ಒಂದೇ ಚಕ್ರ ಎತ್ತಿ, ಟಾರ್ಕ್ ವ್ರೆಂಚಿನಲ್ಲಿ ತಿರುಗಿಸಿ, ಅದು ಜಾರಲು ಬೇಕಾದ ಬಲವನ್ನು ಕಂಪನಿ ಮ್ಯಾನ್ಯುವಲ್ಲಿನ ಅಂಕಿಗೆ ಹೋಲಿಸಬೇಕು. ಇಷ್ಟೂ ಹೊತ್ತು ಎಂಜಿನ್ ಬಂದ್. ಒಂದು ಚಕ್ರ ನೆಲದಲ್ಲಿರುವಾಗ ಗೇರ್ ಹಾಕಿದರೆ ಎಲ್‌ಎಸ್‌ಡಿ ಗಾಡಿ ಜಾಕಿನಿಂದ ಹಾರಿ ಮುನ್ನುಗ್ಗುತ್ತದೆ.

ಹಂತ 5: ಬಿಡಿಯೋ, ಪೂರ್ತಿಯೋ?

ಮೊದಲ ಸಲದವರು ಪೂರ್ತಿ ಹೌಸಿಂಗ್ ಕೊಳ್ಳುವುದೇ ವಾಸಿ. ಡಿಫರೆನ್ಷಿಯಲ್ ಮಾತ್ರ ಬಿಡಿಯಾಗಿ ಕೊಂಡರೆ ಶಿಮ್ (ತೆಳು ಲೋಹದ ಬಿಲ್ಲೆ) ಹಾಕಿ ಕ್ರೌನ್–ಪಿನಿಯನ್ ಪ್ಲೇ ಹೊಂದಿಸಬೇಕು. ಅದು ಡಯಲ್ ಗೇಜಿನ ಕೆಲಸ, ಸಾಮಾನ್ಯವಾಗಿ 0.13ರಿಂದ 0.20 ಮಿಲಿಮೀಟರ್, ಕಿವಿಯಿಂದ ಅಂದಾಜಾಗುವಂಥದ್ದಲ್ಲ. ಬೇರಿಂಗ್ ಕ್ಯಾಪ್‌ಗಳನ್ನು ಎಡಬಲ ಅದಲುಬದಲು ಮಾಡಬಾರದು.

ಹಂತ 6: ಕೂರಿಸಿದ ಮೇಲೆ

ಹೊಸ ಸೀಲ್, ಹೊಸ ಕ್ರೌನ್ ಬೋಲ್ಟ್, ಮ್ಯಾನ್ಯುವಲ್ ಹೇಳಿದ ಆಯಿಲ್. ಬ್ರೀದರ್ ಪೈಪನ್ನು ಉದ್ದ ಮಾಡಿ ಬಾನೆಟ್ಟಿನ ಎತ್ತರಕ್ಕೆ ಒಯ್ದು ಕಟ್ಟಿ. ಕ್ಲಚ್ ಪ್ಲೇಟಿನದು ತಿರುವಿನಲ್ಲಿ ಗರಗರ ಅಂದರೆ ಹೆದರಬೇಡಿ. ಫ್ರಿಕ್ಷನ್ ಮಾಡಿಫೈಯರ್ ಹಾಕಿದರೆ ಎಷ್ಟೋ ಸಲ ನಿಲ್ಲುತ್ತದೆ. ಹಿಂದಿನ ಎರಡು ಟೈರ್ ಒಂದೇ ಅಳತೆ, ಒಂದೇ ಸವೆತದ್ದಾಗಿರಲಿ.

ನಿಮ್ಮ ಓಡಾಟವೆಲ್ಲ ಕಾರವಾರದಿಂದ ಅಂಕೋಲೆಗೆ ಹೆದ್ದಾರಿ 66ರಲ್ಲೇ ಆದರೆ ಇದಕ್ಕೆ ಹಣ ಹಾಕಬೇಡಿ, ಒಳ್ಳೆಯ ಟೈರ್ ಹಾಕಿಸಿ. ಎಲ್‌ಎಸ್‌ಡಿ ಬ್ರೇಕಿಗೆ ನೆರವಾಗುವುದಿಲ್ಲ, ಮಳೆಯಲ್ಲಿ ಅರಬೈಲ್ ಘಾಟಿನ ತಿರುವಿನಲ್ಲಿ ಜೋರಾಗಿ ಆಕ್ಸಿಲರೇಟರ್ ಒತ್ತಿದರೆ ಹಿಂದಿನ ಎರಡೂ ಚಕ್ರ ಒಟ್ಟಿಗೇ ಜಾರಬಹುದು.