ಕುದಿಸಿದರೂ ಹೋಗದ ಫ್ಲೋರೈಡ್: ಜೀವಶಾಸ್ತ್ರದ ಪಾಠಕ್ಕೆ ಬೇಕಾದ ಮೂರು ರಸಾಯನ ಪರಿಕಲ್ಪನೆಗಳು

ತರಗತಿ: 10
ಅವಧಿ: 40 ನಿಮಿಷಗಳ ಎರಡು ತರಗತಿ
ಪೂರ್ವಜ್ಞಾನ: ಪರಮಾಣು ರಚನೆ, ಎಲೆಕ್ಟ್ರಾನ್ ವಿನ್ಯಾಸ

ಪೀಠಿಕೆ

ಪಾವಗಡ, ಶಿರಾ, ಮಧುಗಿರಿ, ಕೊರಟಗೆರೆ ತಾಲ್ಲೂಕುಗಳನ್ನೊಳಗೊಂಡ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ಫ್ಲೋರೈಡ್ ಎಂಬ ಪದ ಮಕ್ಕಳಿಗೆ ಹೊಸದಲ್ಲ. ಇಲ್ಲಿನ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿರುವ ಫ್ಲೋರೈಟ್, ಅಪಟೈಟ್, ಕಪ್ಪು ಅಭ್ರಕದಂತಹ ಖನಿಜಗಳಿಂದ ಅದು ಅಂತರ್ಜಲಕ್ಕೆ ಇಳಿಯುತ್ತದೆ. ಆದರೆ ತೋವಿನಕೆರೆಯಂತಹ ಊರಿನ ಶಾಲೆಗೆ ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಯು ಫ್ಲೋರೋಸಿಸ್ಸನ್ನು ಕಾರಣ, ಲಕ್ಷಣ, ಪರಿಹಾರ ಎಂದು ಪಟ್ಟಿ ಮಾಡಿ ಮುಗಿಸಿದರೆ ಮೂರು ಪ್ರಶ್ನೆಗಳು ಉಳಿದೇಬಿಡುತ್ತವೆ:

1. ನೀರನ್ನು ಕಾಯಿಸಿ ಆರಿಸಿ ಕುಡಿದರೆ ಸಾಲದೇ?
2. ಕೆಟ್ಟದ್ದಾದರೆ ಟೂತ್‌ಪೇಸ್ಟಿಗೇಕೆ ಹಾಕುತ್ತಾರೆ?
3. ಚೆನ್ನಾಗಿ ಹಲ್ಲುಜ್ಜಿದರೆ ಕಲೆ ಹೋಗುವುದಿಲ್ಲವೇ?

ಇವಕ್ಕೆ ಉತ್ತರ ಜೀವಶಾಸ್ತ್ರವೊಂದರಲ್ಲೇ ಇಲ್ಲ. ಅಯಾನು, ಸಾರತೆ, ಅಯಾನುಗಳ ಸ್ಥಾನಪಲ್ಲಟ ಎಂಬ ಮೂರು ಪರಿಕಲ್ಪನೆಗಳನ್ನು ಮೊದಲು ಗಟ್ಟಿ ಮಾಡಬೇಕು.

ಹಂತ 1: ಅಯಾನು

ಫ್ಲೋರಿನ್‌ನ ಪರಮಾಣು ಸಂಖ್ಯೆ 9. ಎಲೆಕ್ಟ್ರಾನ್ ವಿನ್ಯಾಸ 2, 7. ಒಂದು ಎಲೆಕ್ಟ್ರಾನ್ ಪಡೆದಾಗ ಅದು 2, 8 ಆಗಿ, ಒಂದು ಋಣ ಆವೇಶವುಳ್ಳ ಫ್ಲೋರೈಡ್ ಅಯಾನು ಆಗುತ್ತದೆ. ಫ್ಲೋರಿನ್ ಅತ್ಯಂತ ಕ್ರಿಯಾಶೀಲ ಅನಿಲ; ನೀರಿನಲ್ಲಿ ಕರಗಿರುವುದು ಅದಲ್ಲ, ಫ್ಲೋರೈಡ್. ಕ್ಲೋರಿನ್ ವಿಷಾನಿಲವಾದರೂ ಅಡುಗೆ ಉಪ್ಪಿನ ಕ್ಲೋರೈಡನ್ನು ನಾವು ದಿನವೂ ತಿನ್ನುತ್ತೇವೆ ಎಂಬ ಹೋಲಿಕೆ ಇಲ್ಲಿ ಉಪಯುಕ್ತ.

ಚಟುವಟಿಕೆ: ಎರಡು ಸ್ಟೀಲ್ ಚಮಚಗಳನ್ನು ಇಕ್ಕಳದಲ್ಲಿ ಹಿಡಿದು, ಒಂದರಲ್ಲಿ ಬಟ್ಟಿ ಇಳಿಸಿದ ನೀರು, ಇನ್ನೊಂದರಲ್ಲಿ ಉಪ್ಪುನೀರಿನ ಕೆಲವು ಹನಿಗಳನ್ನು ಸ್ಪಿರಿಟ್ ದೀಪದ ಮೇಲೆ ಆವಿಯಾಗಿಸಿ. ಎರಡನೆಯದರಲ್ಲಿ ಬಿಳಿ ಪುಡಿ ಉಳಿಯುತ್ತದೆ. ನೀರು ಹೋಯಿತು, ಲವಣ ಹೋಗಲಿಲ್ಲ. ಕುದಿಸಿದಾಗ ಸೂಕ್ಷ್ಮಜೀವಿಗಳು ಸಾಯುವುದು ಅವುಗಳ ಪ್ರೋಟೀನುಗಳು ಕೆಡುವುದರಿಂದ. ಅಯಾನಿಗೆ ಜೀವವಿಲ್ಲ, ಸಾಯುವುದೂ ಇಲ್ಲ. ಅದು ಆವಿಯಾಗಿ ಹೋಗುವುದೂ ಇಲ್ಲ.

ಹಂತ 2: ಸಾರತೆ

ಒಂದು ಲೀಟರ್ ನೀರಿನ ತೂಕ ಸುಮಾರು 1 ಕಿಲೋಗ್ರಾಂ, ಅಂದರೆ 10 ಲಕ್ಷ ಮಿಲಿಗ್ರಾಂ. ಆದ್ದರಿಂದ ಲೀಟರಿಗೆ 1 ಮಿಲಿಗ್ರಾಂ ಎಂದರೆ 10 ಲಕ್ಷದಲ್ಲಿ ಒಂದು ಭಾಗ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ. ಬೇರೆ ಜಲಮೂಲ ಇಲ್ಲದಿದ್ದರೆ 1.5ರವರೆಗೆ ಅನುಮತಿ ಇದೆ.

ಹಲಗೆಯ ಮೇಲೆ ಈ ಲೆಕ್ಕ ಮಾಡಿಸಿ: ಲೀಟರಿಗೆ 1.5 ಮಿಲಿಗ್ರಾಂ ಇರುವ 2 ಲೀಟರ್ ನೀರಿನಲ್ಲಿ ಒಟ್ಟು ಫ್ಲೋರೈಡ್ 3 ಮಿಲಿಗ್ರಾಂ. ಕುದಿಸಿ 1.5 ಲೀಟರಿಗೆ ಇಳಿಸಿದರೆ ಸಾರತೆ 3 ÷ 1.5 = 2 ಮಿಲಿಗ್ರಾಂ. ಮಿತಿಯೊಳಗಿದ್ದ ನೀರು ಮಿತಿ ದಾಟಿತು! ಮೊದಲ ಪ್ರಶ್ನೆಗೆ ಉತ್ತರ ಮಕ್ಕಳ ಬಾಯಿಂದಲೇ ಬರುತ್ತದೆ. ಆದರೆ ರೋಗಾಣುಗಳಿಗಾಗಿ ನೀರು ಕುದಿಸುವುದು ಸರಿಯಾದ ಅಭ್ಯಾಸವೇ ಎಂಬುದನ್ನು ಒತ್ತಿ ಹೇಳಬೇಕು.

ಹಂತ 3: ಸ್ಥಾನಪಲ್ಲಟ

ಹಲ್ಲಿನ ಎನಾಮೆಲ್ ಕ್ಯಾಲ್ಸಿಯಂ ಹೈಡ್ರಾಕ್ಸಿಅಪಟೈಟ್ ಎಂಬುದನ್ನು ‘ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು’ ಪಾಠದಿಂದ ನೆನಪಿಸಿ. ಅದರ ಒಂದು ಘಟಕದಲ್ಲಿ 10 ಕ್ಯಾಲ್ಸಿಯಂ, 6 ಫಾಸ್ಫೇಟ್, 2 ಹೈಡ್ರಾಕ್ಸೈಡ್ ಅಯಾನುಗಳಿವೆ. ಆವೇಶ ಕೂಡಿಸಿದರೆ ಧನ 20; ಋಣ 18 + 2 = 20. ಫ್ಲೋರೈಡಿನ ಆವೇಶವೂ ಹೈಡ್ರಾಕ್ಸೈಡಿನಂತೆ ಋಣ 1. ಗಾತ್ರವೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಅದು ಹೈಡ್ರಾಕ್ಸೈಡಿನ ಜಾಗದಲ್ಲಿ ಕೂರಬಲ್ಲದು. ಹೀಗೆ ಉಂಟಾಗುವ ಫ್ಲೋರ್‌ಅಪಟೈಟ್ ಆಮ್ಲದಲ್ಲಿ ಸುಲಭವಾಗಿ ಕರಗದು. ಟೂತ್‌ಪೇಸ್ಟಿನ ಪ್ರಶ್ನೆಗೆ ಇದೇ ಉತ್ತರ: ಪೇಸ್ಟನ್ನು ಉಗುಳುತ್ತೇವೆ, ನೀರನ್ನು ನುಂಗುತ್ತೇವೆ.

ಹಾಗಾದರೆ ಕಲೆ ಏಕೆ? ಹಲ್ಲು ವಸಡಿನೊಳಗೆ ರೂಪುಗೊಳ್ಳುವಾಗ ಫ್ಲೋರೈಡ್ ಅತಿಯಾದರೆ ಎನಾಮೆಲ್‌ನಲ್ಲಿ ಖನಿಜ ಸರಿಯಾಗಿ ತುಂಬದೆ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಹಲ್ಲು ಮೂಡಿದ ಮೇಲೆ ಅಲ್ಲಿ ಬಣ್ಣ ಹಿಡಿಯುತ್ತದೆ. ದೋಷ ಒಳಗಿನದು; ಉಜ್ಜಿದರೆ ಹೋಗದು. ಬುದ್ಧಿಹಲ್ಲು ಬಿಟ್ಟು ಉಳಿದ ಶಾಶ್ವತ ಹಲ್ಲುಗಳ ಎನಾಮೆಲ್ ಸುಮಾರು 8 ವರ್ಷದೊಳಗೆ ರೂಪುಗೊಂಡಿರುತ್ತದೆ. ಮೂಳೆಯಾದರೋ ಜೀವಕೋಶಗಳಿರುವ ಅಂಗಾಂಶ. ಜೀವನವಿಡೀ ಸವೆದು ಮತ್ತೆ ಕಟ್ಟಿಕೊಳ್ಳುವುದರಿಂದ ದೊಡ್ಡವರಲ್ಲೂ ಫ್ಲೋರೈಡ್ ಅದರಲ್ಲಿ ಸಂಗ್ರಹವಾಗುತ್ತದೆ.

ಪ್ರಶಿಕ್ಷಣಾರ್ಥಿಗಳ ಗಮನಕ್ಕೆ

ಯಾವ ಮಗುವಿನ ಹಲ್ಲನ್ನೂ ಉದಾಹರಣೆಯಾಗಿ ತೋರಿಸಬಾರದು. ‘ಯಾರಿಗೆ ಕಲೆ ಇದೆ, ಕೈ ಎತ್ತಿ’ ಎನ್ನಲೂಬಾರದು. ಹಲ್ಲಿನ ಎಲ್ಲ ಕಲೆಯೂ ಫ್ಲೋರೋಸಿಸ್ ಅಲ್ಲ. ಹಲ್ಲುಜ್ಜದ ಕೊಳಕು ಹುಡುಗ ಎಂದು ಸಹಪಾಠಿಗಳಿಂದ ಅನ್ನಿಸಿಕೊಂಡ ಮಗು ತರಗತಿಯಲ್ಲಿ ಇರಬಹುದು. ಬಾಯಿ ಮುಚ್ಚಿಕೊಂಡು ನಗುವ ಆ ಮಗುವಿಗೆ, ತಪ್ಪು ತನ್ನದಲ್ಲ ಎಂದು ತಿಳಿಯುವುದೇ ಈ ಪಾಠದ ದೊಡ್ಡ ಫಲ.

ಪಾತ್ರೆಯ ತಳದ ಬಿಳಿ ಹೊರೆಯನ್ನು ಫ್ಲೋರೈಡ್ ಎಂದು ಹೇಳಬೇಡಿ. ಅದು ಬಹುಪಾಲು ಕ್ಯಾಲ್ಸಿಯಂ ಕಾರ್ಬೋನೇಟ್. ಬಣ್ಣ, ರುಚಿ, ವಾಸನೆಯಿಂದ ನೀರಿನ ಫ್ಲೋರೈಡ್ ತಿಳಿಯದು. ಒಂದೇ ಊರಿನ ಎರಡು ಕೊಳವೆಬಾವಿಗಳಲ್ಲೂ ಪ್ರಮಾಣ ಬೇರೆಯಾಗಿರಬಹುದು. ಪರೀಕ್ಷೆಯೊಂದೇ ದಾರಿ.

ಮೌಲ್ಯಮಾಪನ

1. ಫ್ಲೋರಿನ್ ಮತ್ತು ಫ್ಲೋರೈಡ್ ನಡುವಿನ ವ್ಯತ್ಯಾಸವನ್ನು ಎಲೆಕ್ಟ್ರಾನ್ ವಿನ್ಯಾಸದಿಂದ ವಿವರಿಸಿ.
2. ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇರುವ 1 ಲೀಟರ್ ನೀರಿಗೆ, ಫ್ಲೋರೈಡ್ ಇಲ್ಲದ ಎಷ್ಟು ನೀರು ಬೆರೆಸಿದರೆ ಸಾರತೆ 1 ಮಿಲಿಗ್ರಾಂ ಆಗುತ್ತದೆ? (ಉತ್ತರ: 2 ಲೀಟರ್)
3. 30 ವರ್ಷದವರು ಹೆಚ್ಚು ಫ್ಲೋರೈಡ್ ಇರುವ ಊರಿಗೆ ಬಂದು ನೆಲೆಸಿದರೆ ಪರಿಣಾಮ ಹಲ್ಲಿನ ಮೇಲೋ, ಮೂಳೆಯ ಮೇಲೋ? ಕಾರಣ ಕೊಡಿ.

ಮನೆಗೆಲಸ: ನಿಮ್ಮ ಮನೆಗೆ ಕುಡಿಯುವ ನೀರು ಬರುವ ಮೂಲ ಯಾವುದು? ಅದರ ಪರೀಕ್ಷಾ ವರದಿ ಗ್ರಾಮ ಪಂಚಾಯಿತಿಯಲ್ಲಿ ಇದೆಯೇ ಎಂದು ಹಿರಿಯರೊಂದಿಗೆ ಹೋಗಿ ವಿಚಾರಿಸಿ. ಇದ್ದರೆ ಫ್ಲೋರೈಡಿನ ಅಂಕಿಯನ್ನು ಮಾನಕದೊಂದಿಗೆ ಹೋಲಿಸಿ ಬರೆಯಿರಿ.